ಹೆಚ್ಚುವರಿ ಹಲಗೆ

ಅಪ್ಪನ ಹಳೇ ಬಿಲ್ ಪುಸ್ತಕಗಳಲ್ಲಿ ಒಂದು ಹಾಳೆ ಇದೆ. ಕಾರ್ಬನ್ ಪ್ರತಿಯ ನೀಲಿ ಮಾಸಿದೆ, ಆದರೂ ಓದಬಹುದು. ವೇದಿಕೆ ಒಂದು, 40 ಅಡಿಗೆ 24 ಅಡಿ. ಶಾಮಿಯಾನ ಇಷ್ಟು, ಕಬ್ಬಿಣದ ಕುರ್ಚಿ ಇಷ್ಟು, ಜಮಖಾನ ಇಷ್ಟು. ಅದರ ಕೆಳಗೆ ನನ್ನದೇ ಅಕ್ಷರದಲ್ಲಿ ಇನ್ನೊಂದು ಸಾಲು: ‘ಹೆಚ್ಚುವರಿ ಹಲಗೆ, 14’. ಆ ಹದಿನಾಲ್ಕು ಹಲಗೆ ಯಾತಕ್ಕೆ ಹೋದವು ಎಂದು ಬಿಲ್ಲಿನಲ್ಲಿಲ್ಲ. ಬರೆಯಬೇಡ ಎಂದಿದ್ದರು ಅಪ್ಪ.

ದಾವಣಗೆರೆಯಲ್ಲಿ ಅಪ್ಪನದು ಶಾಮಿಯಾನದ ಅಂಗಡಿ. ಮದುವೆ, ತಿಥಿ, ಗಣಪತಿ ಪೆಂಡಾಲು, ದುಗ್ಗಮ್ಮನ ಜಾತ್ರೆಯ ನಾಟಕ, ಚುನಾವಣೆ ಬಂತೆಂದರೆ ಹೈಸ್ಕೂಲ್ ಮೈದಾನದ ಸಭೆಗಳು. ನಾನು ಲೆಕ್ಕ ಬರೆಯುತ್ತಿದ್ದೆ. ಗಳ ಹೊರುವ, ಹಗ್ಗ ಎಳೆಯುವ ಕೆಲಸ ನನ್ನಿಂದಾಗುತ್ತಿರಲಿಲ್ಲ. ಎರಡು ವರ್ಷದವನಿದ್ದಾಗ ಜ್ವರ ಬಂದು, ಜ್ವರ ಇಳಿದ ಮೇಲೆ ಎಡಗಾಲು ಏಳಲಿಲ್ಲವಂತೆ. ಪೋಲಿಯೊ. ಅಂದಿನಿಂದ ಸೊಂಟದ ಕೆಳಗಿನಿಂದ ಬೂಟಿನವರೆಗೆ ಚರ್ಮದ ಪಟ್ಟಿ, ಉಕ್ಕಿನ ಸರಳುಗಳ ಕ್ಯಾಲಿಪರ್. ಮೊಣಕಾಲಿನ ಹತ್ತಿರ ಒಂದು ಲಾಕ್ ಇರುತ್ತದೆ. ನಿಂತಾಗ ಅದು ‘ಟಕ್’ ಎಂದು ಕೂರಬೇಕು. ಕೂರದಿದ್ದರೆ ಮೈಭಾರ ಬಿದ್ದ ಕೂಡಲೇ ಕಾಲು ಮಡಚಿ ನೆಲಕ್ಕೆ ಬೀಳುತ್ತೇವೆ. ಈ ಸದ್ದನ್ನು ಕೇಳಿಸಿಕೊಳ್ಳದೆ ನಾನು ಇವತ್ತಿಗೂ ಒಂದು ಹೆಜ್ಜೆ ಇಡುವುದಿಲ್ಲ.

ತೊಂಬತ್ತರ ದಶಕದ ಒಂದು ಚುನಾವಣೆ. ದೊಡ್ಡ ನಾಯಕರೊಬ್ಬರ ಸಭೆಗೆ ವೇದಿಕೆ ಏಳುತ್ತಿತ್ತು. ಹಿಂದಿನ ದಿನ ಸಂಜೆ ಇಬ್ಬರು ಬಂದು ಅಪ್ಪನನ್ನು ಪಕ್ಕಕ್ಕೆ ಕರೆದರು. ಒಬ್ಬರು ಊರಿನವರೇ, ಇನ್ನೊಬ್ಬರು ಬೆಂಗಳೂರಿನಿಂದ ಬಂದವರು. ‘ಹಿಂದಗಡೆ ಮೆಟ್ಟಿಲು ಬ್ಯಾಡ್ರಿ. ಇಳಿಜಾರು ಮಾಡ್ರಿ. ಕಾರು ಅದರ ಬುಡಕ್ಕೇ ಬರ್ಬೇಕು. ಸುತ್ತ ಪರದೆ ಕಟ್ಟಿಬಿಡ್ರಿ, ಯಾರಿಗೂ ಕಾಣಬಾರ್ದು.’ ಇನ್ನೊಂದು ಮಾತನ್ನು ಬೆಂಗಳೂರಿನವರು ಎರಡೆರಡು ಸಲ ಹೇಳಿದರು. ಭಾಷಣದ ಪೋಡಿಯಂ ಅನ್ನು ಹಲಗೆಗೆ ಮೊಳೆ ಹೊಡೆದು ಕೂರಿಸಬೇಕು, ಒಬ್ಬ ಮನುಷ್ಯನ ಪೂರ್ತಿ ಭಾರ ಬಿದ್ದರೂ ಅಲುಗಬಾರದು.

ಅಪ್ಪ ರಾತ್ರಿ ನಿಂತು ಕೆಲಸ ಮಾಡಿಸಿದರು. ನಾಲ್ಕು ಅಡಿ ಎತ್ತರದ ವೇದಿಕೆಗೆ ಇಪ್ಪತ್ತು ಅಡಿಯ ಇಳಿಜಾರು. ಕಾಲು ಜಾರದ ಹಾಗೆ ಅಡ್ಡಪಟ್ಟಿ, ಎರಡೂ ಕಡೆ ಹಿಡಿಯಲು ಗಳ. ಹನ್ನೊಂದು ಗಂಟೆ ದಾಟಿತ್ತು. ಕೆಲಸದವರನ್ನು ಚಹಾಕ್ಕೆ ಕಳಿಸಿ ನನ್ನನ್ನು ಕರೆದರು. ‘ಲೇ ತಮ್ಮಾ, ಹತ್ತಿ ನೋಡು. ನಿನ್ನ ಕಾಲಿಗೆ ಆದ್ರೆ ಅವರಿಗೂ ಆಗ್ತತಿ.’

ಹತ್ತಿದೆ. ಅಷ್ಟು ಹೊತ್ತಿಗೆ ಅಪ್ಪ ಕಟ್ಟಿದ ನೂರಾರು ವೇದಿಕೆಗಳ ಬಿಲ್ಲನ್ನು ನಾನು ಬರೆದಿದ್ದೆ, ಒಂದನ್ನೂ ಹತ್ತಿರಲಿಲ್ಲ. ಪೆಂಡಾಲಿನ ಮೆಟ್ಟಿಲು ಕಡಿದಾಗಿರುತ್ತದೆ, ಹಿಡಿಯಲು ಏನೂ ಇರುವುದಿಲ್ಲ. ಆ ರಾತ್ರಿ ಯಾರ ಕೈಯನ್ನೂ ಹಿಡಿಯದೆ ಮೇಲೆ ಬಂದು ನಿಂತೆ. ಮುಂದೆ ಸಾಲುಸಾಲು ಖಾಲಿ ಕುರ್ಚಿ, ಆಚೆ ಪಿ.ಬಿ. ರಸ್ತೆಯಲ್ಲಿ ಲಾರಿಗಳ ದೀಪ. ಕೆಳಗಿನಿಂದ ಅಪ್ಪ ಕೇಳಿದರು, ‘ಅಲುಗಾಡ್ತತೇನೋ?’ ಇಲ್ಲ ಎಂದೆ. ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ. ಅಪ್ಪ ಇಳಿ ಎನ್ನಲಿಲ್ಲ.

ಮರುದಿನ ಮೈಕ್ ಸೆಟ್ಟಿನವರ ಪಕ್ಕ ಕೂತು ನೋಡಿದೆ. ಜೈಕಾರದ ನಡುವೆ ಅವರು ವೇದಿಕೆಗೆ ಬಂದಾಗ ಎಡಬಲದಲ್ಲಿ ಇಬ್ಬರು ಹೆಗಲಿಗೆ ಹೆಗಲು ಕೊಟ್ಟು ಬಂದರು. ಜನರಿಗೆ ಅದು ಸಲುಗೆಯ ಹಾಗೆ ಕಂಡಿರಬೇಕು. ಪೋಡಿಯಂ ಸಿಕ್ಕಿದ ಮೇಲೆ ಅವರಿಬ್ಬರೂ ಅರ್ಧ ಹೆಜ್ಜೆ ಹಿಂದಕ್ಕೆ ಸರಿದರು. ಇಪ್ಪತ್ತು ನಿಮಿಷದ ಭಾಷಣ. ದನಿ ಗಟ್ಟಿಯಾಗಿತ್ತು, ಮಾತು ಖಡಕ್ಕಾಗಿತ್ತು, ಲೆಕ್ಕಾಚಾರ ಒಂದೂ ತಪ್ಪಲಿಲ್ಲ. ಜನ ಅವರ ಮುಖ ನೋಡುತ್ತಿದ್ದರು. ನಾನು ಪೋಡಿಯಂ ಹಿಡಿದಿದ್ದ ಅವರ ಬೆರಳುಗಳನ್ನೇ ನೋಡುತ್ತಿದ್ದೆ. ಗೆಣ್ಣುಗಳು ಬೆಳ್ಳಗಾಗಿದ್ದವು. ಅಷ್ಟು ದೊಡ್ಡ ಮೈದಾನದಲ್ಲಿ ನನ್ನಂಥ ಇನ್ನೊಬ್ಬರಿದ್ದರು, ಅದು ನನಗೂ ಅಪ್ಪನಿಗೂ ಮಾತ್ರ ಗೊತ್ತಿತ್ತು.

ಬೆಳಗಾಗುವಷ್ಟರಲ್ಲಿ ಹಲಗೆ ಬಿಚ್ಚಿ ಗೋದಾಮಿಗೆ ಬಂದವು. ಅವರಿಗೆ ಲಕ್ವ ಹೊಡೆದಿತ್ತು ಎಂದು ಅಪ್ಪ ಬಾಯಿ ಬಿಟ್ಟದ್ದು ಅವರು ತೀರಿಕೊಂಡ ಮೇಲೆ, ಅದೂ ಮನೆಯಲ್ಲಿ ಮಾತ್ರ. ‘ಒಬ್ಬರ ಮೈಯಿನ ಗುಟ್ಟು ನಮ್ಮ ಬಾಯಿಂದ ಹೋಗಬಾರ್ದು’ ಎನ್ನುತ್ತಿದ್ದರು. ನಾನೂ ಅವರ ಹೆಸರು ಬರೆಯುವುದಿಲ್ಲ. ಆದರೆ ಇಷ್ಟು ವರ್ಷಗಳಾದರೂ ಆ ಹದಿನಾಲ್ಕು ಹಲಗೆ ನನ್ನ ತಲೆಯಿಂದ ಇಳಿದಿಲ್ಲ.

ಕೆಲವು ವರ್ಷಗಳ ನಂತರ ಗ್ರಂಥಾಲಯದಲ್ಲಿ ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರ ಬಗ್ಗೆ ಓದುತ್ತಿದ್ದಾಗ ಮೈ ಜುಮ್ಮೆಂದಿತು. 1921ರಲ್ಲಿ, 39ನೇ ವಯಸ್ಸಿನಲ್ಲಿ, ಅವರ ಎರಡೂ ಕಾಲು ಹೋದವು. ಪೋಲಿಯೊ ಎಂದರು ವೈದ್ಯರು. ಆಮೇಲೆ ನಾಲ್ಕು ಸಲ ಅಧ್ಯಕ್ಷರಾಗಿ ಗೆದ್ದರು. ಅವರಿಗೆ ಪೋಲಿಯೊ ಬಂದಿತ್ತು ಎಂಬುದು ಆ ದೇಶದ ಜನಕ್ಕೆ ಗೊತ್ತಿತ್ತು. ಅವರು ನಡೆಯಲಾರರು ಎಂಬುದು ಬಹುಪಾಲು ಜನಕ್ಕೆ ಗೊತ್ತಿರಲಿಲ್ಲ. ಕಾರಿನಿಂದ ಇಳಿಯುವ, ಗಾಲಿಕುರ್ಚಿಯಲ್ಲಿ ಕೂತಿರುವ ಫೋಟೊ ತೆಗೆಯಲು ಭದ್ರತಾ ಸಿಬ್ಬಂದಿ ಬಿಡುತ್ತಿರಲಿಲ್ಲ. ಪತ್ರಿಕೆಯವರೂ ಒಪ್ಪಿಕೊಂಡು ಸುಮ್ಮನಿದ್ದರು. ಅವರು ಗಾಲಿಕುರ್ಚಿಯಲ್ಲಿರುವ ಚಿತ್ರಗಳು ಇವತ್ತಿಗೂ ಬೆರಳೆಣಿಕೆಯಷ್ಟೇ. ಮಗನ ತೋಳು ಹಿಡಿದು, ಇನ್ನೊಂದು ಕೈಯಲ್ಲಿ ಊರುಗೋಲು ಊರಿ, ಸೊಂಟದಿಂದ ಕಾಲನ್ನು ಬೀಸಿ ಬೀಸಿ ನಾಲ್ಕು ಹೆಜ್ಜೆ ‘ನಡೆಯುವುದನ್ನು’ ಅವರು ಕಲಿತಿದ್ದರು. ಪೋಡಿಯಂ ನೆಲಕ್ಕೆ ಭದ್ರವಾಗಿ ಕೂತಿದೆಯೇ ಎಂದು ಮೊದಲೇ ನೋಡಿಡುತ್ತಿದ್ದರು. ಅದನ್ನು ಓದಿದಾಗ ಅಪ್ಪ ಹೊಡೆಸಿದ ಮೊಳೆಗಳು ನೆನಪಾದವು.

1936ರ ಜೂನ್ 27ರಂದು ಫಿಲಡೆಲ್ಫಿಯಾದ ಮೈದಾನದಲ್ಲಿ ಒಂದು ಲಕ್ಷದಷ್ಟು ಜನ ಸೇರಿದ್ದರು. ವೇದಿಕೆಯತ್ತ ಹೋಗುವಾಗ ಪರಿಚಿತ ಕವಿಯೊಬ್ಬರಿಗೆ ಕೈಕೊಡಲು ರೂಸ್‌ವೆಲ್ಟ್ ಬಾಗಿದರು. ಕ್ಯಾಲಿಪರಿನ ಲಾಕ್ ಬಿಚ್ಚಿಕೊಂಡಿತು. ಬಿದ್ದರು. ಭಾಷಣದ ಹಾಳೆಗಳು ಚೆಲ್ಲಾಡಿದವು. ಸುತ್ತಲಿದ್ದವರು ಗೋಡೆಯ ಹಾಗೆ ನಿಂತು ಮರೆ ಮಾಡಿ, ಎತ್ತಿ, ಲಾಕ್ ಹಾಕಿ, ಧೂಳು ಒರೆಸಿ ನಿಲ್ಲಿಸಿದರು. ಕೆಲವೇ ನಿಮಿಷಗಳಲ್ಲಿ ಅವರು ಮಾತು ಶುರು ಮಾಡಿದರು. ಆ ಲಾಕ್ ಬಿಚ್ಚಿಕೊಂಡ ಕ್ಷಣ ಹೇಗಿರುತ್ತದೆ ಎಂದು ನನಗೆ ಗೊತ್ತು. ನಾನು ಅಶೋಕ ರಸ್ತೆಯ ರೈಲ್ವೆ ಗೇಟಿನ ಹತ್ತಿರ ಬಿದ್ದಿದ್ದೇನೆ, ಮದುವೆ ಊಟದ ಸಾಲಿನಲ್ಲಿ ಬಿದ್ದಿದ್ದೇನೆ. ನೋವಿಗಿಂತ ಮೊದಲು ಬರುವುದು, ಯಾರಾದರೂ ನೋಡಿದರೇ ಎಂಬ ಗಾಬರಿ. ಒಂದು ದೇಶದ ಅಧ್ಯಕ್ಷರಿಗೂ ಅದೇ ಗಾಬರಿ ಇತ್ತಲ್ಲ ಎಂದು ಕಣ್ಣು ತುಂಬಿ ಬಂದವು.

1938ರಲ್ಲಿ ಅವರು ಪೋಲಿಯೊ ವಿರುದ್ಧ ಕಟ್ಟಿದ ಸಂಸ್ಥೆಯ ಹಣದಿಂದ ನಡೆದ ಸಂಶೋಧನೆಯಲ್ಲೇ ಜೋನಸ್ ಸಾಲ್ಕ್ ಅವರ ಲಸಿಕೆ ಬಂತು, 1955ರಲ್ಲಿ. ಎಪ್ಪತ್ತರ ದಶಕದ ದಾವಣಗೆರೆಯ ನನ್ನ ತನಕ ಲಸಿಕೆ ಬರಲಿಲ್ಲ. ಆ ಮಾತು ಬೇರೆ.

ವರ್ಷಗಟ್ಟಲೆ ನಾನು ರೂಸ್‌ವೆಲ್ಟ್ ಅವರನ್ನೂ ನಮ್ಮ ಆ ನಾಯಕರನ್ನೂ ಒಂದೇ ತಕ್ಕಡಿಯಲ್ಲಿಟ್ಟು ಮರುಗಿದೆ. ಆಮೇಲೆ 1944ರ ವಿಷಯ ಓದಿದೆ. ಆ ವರ್ಷದ ಮಾರ್ಚ್‌ನಲ್ಲಿ ಹೋವರ್ಡ್ ಬ್ರೂಯೆನ್ ಎಂಬ ಹೃದಯ ವೈದ್ಯರು ಪರೀಕ್ಷಿಸಿದಾಗ ರೂಸ್‌ವೆಲ್ಟ್ ಅವರ ರಕ್ತದೊತ್ತಡ ವಿಪರೀತ ಏರಿತ್ತು, ಹೃದಯ ಸೋಲುತ್ತಿತ್ತು. ಅವರ ಖಾಸಗಿ ವೈದ್ಯ ಮ್ಯಾಕಿಂಟೈರ್ ಜನರಿಗೆ ಹೇಳಿದ್ದು ಆರೋಗ್ಯ ಚೆನ್ನಾಗಿದೆ ಎಂದು. ನವೆಂಬರ್‌ನಲ್ಲಿ ನಾಲ್ಕನೇ ಸಲ ಗೆದ್ದರು. 1945ರ ಜನವರಿ 20ರಂದು ಪ್ರಮಾಣವಚನ, ಏಪ್ರಿಲ್ 12ರಂದು ಸಾವು. ಉಪಾಧ್ಯಕ್ಷ ಟ್ರೂಮನ್ ಅವರಿಗೆ ಅಣುಬಾಂಬು ತಯಾರಾಗುತ್ತಿರುವುದನ್ನು ಸರಿಯಾಗಿ ವಿವರಿಸಿದ್ದೇ ಅವರು ಅಧ್ಯಕ್ಷರಾದ ಮೇಲೆ.

ಅಲ್ಲಿ ನನ್ನ ಮರುಕ ಎರಡು ಹೋಳಾಯಿತು. ಕಾಲು ಮುಚ್ಚಿಟ್ಟಿದ್ದು ಬೇರೆ, ಹೃದಯ ಮುಚ್ಚಿಟ್ಟಿದ್ದು ಬೇರೆ. ಕಾಲಿಲ್ಲದ್ದರಿಂದ ಅವರ ಆಡಳಿತಕ್ಕೆ ಏನೂ ಕಡಿಮೆಯಾಗಲಿಲ್ಲ. ಅದನ್ನು ಮುಚ್ಚಿಡಬೇಕಾದದ್ದು ನೋಡುವವರ ಕಣ್ಣಿನ ದೋಷಕ್ಕೆ. ಹೃದಯದ ಕಥೆ ಹಾಗಲ್ಲ. ಆ ಮನುಷ್ಯ ಇನ್ನು ನಾಲ್ಕು ವರ್ಷ ಇರುತ್ತಾರೆಂದು ನಂಬಿ ಜನ ವೋಟು ಹಾಕಿದರು. ಎರಡನ್ನೂ ಮುಚ್ಚಿದ್ದು ಒಂದೇ ಪರದೆ, ಕಟ್ಟಿದ ಕೈಗಳೂ ಅವೇ. ಕಾಲು ಮುಚ್ಚಿ ಮುಚ್ಚಿ ಪಳಗಿದ ಕೈಗಳಿಗೆ ಹೃದಯ ಮುಚ್ಚುವುದು ಕಷ್ಟವಾಗಲಿಲ್ಲ. ನನಗೆ ಈ ವಿಷಯದಲ್ಲಿ ಹೇಳಬೇಕೆನಿಸುವುದು ಮುಖ್ಯವಾಗಿ ಇದೊಂದೇ.

ಪರದೆಯ ಒಳಗೆ ಯಾರಿರುತ್ತಾರೆ? ಕಾಯಿಲೆಯವರೊಬ್ಬರೇ ಅಲ್ಲ. ಅವರ ಹೆಸರಿನಲ್ಲಿ ಮಾತಾಡುವವರೂ ಇರುತ್ತಾರೆ. 2016ರ ಸೆಪ್ಟೆಂಬರ್ 22ರಂದು ತಮಿಳುನಾಡಿನ ಮುಖ್ಯಮಂತ್ರಿ ಜಯಲಲಿತಾ ಚೆನ್ನೈಯ ಆಸ್ಪತ್ರೆ ಸೇರಿದರು. ಜ್ವರ, ನಿರ್ಜಲೀಕರಣ ಎಂದು ಮೊದಲ ಪ್ರಕಟಣೆ ಹೇಳಿತು. ಇಲ್ಲಿ ನಮ್ಮ ಕಡೆ ಕಾವೇರಿ ಗಲಾಟೆ ಕಾವೇರಿದ್ದ ದಿನಗಳು. ಆಸ್ಪತ್ರೆಯಿಂದಲೇ ಅವರು ಕಾವೇರಿ ಬಗ್ಗೆ ಸಭೆ ನಡೆಸಿದರೆಂಬ ಸುದ್ದಿ ಬಂತು. ಅಕ್ಟೋಬರ್‌ನಲ್ಲಿ ಅವರ ಖಾತೆಗಳನ್ನು ಪನ್ನೀರ್‌ಸೆಲ್ವಂ ಅವರಿಗೆ ವಹಿಸಲಾಯಿತು. ಉಪಚುನಾವಣೆಯ ಪಕ್ಷದ ಕಾಗದಗಳ ಮೇಲೆ ಸಹಿಯ ಬದಲು ಹೆಬ್ಬೆಟ್ಟಿನ ಗುರುತು ಬಂತು. 75 ದಿನ ಒಂದು ಫೋಟೊ ಇಲ್ಲ. ಡಿಸೆಂಬರ್ 5ರಂದು ತೀರಿಕೊಂಡರು. ಏನಾಯಿತೆಂದು ತಿಳಿಯಲು ಆರುಮುಗಸ್ವಾಮಿ ಆಯೋಗ ಕೂತು, ವರದಿ ವಿಧಾನಸಭೆಗೆ ಬಂದದ್ದು 2022ರಲ್ಲಿ. ಆ ದಿನಗಳಲ್ಲಿ ಆಸ್ಪತ್ರೆಯ ಹೊರಗೆ ರಸ್ತೆಯಲ್ಲಿ ಕೂತು ಅಳುತ್ತಿದ್ದ ಹೆಂಗಸರನ್ನು ಟಿವಿಯಲ್ಲಿ ನೋಡಿ ನಮ್ಮಮ್ಮ ಕೇಳಿದ್ದಳು, ‘ಅವ್ವಾ ಅನ್ನೋರಿಗೆ ಅವ್ವನ್ನ ತೋರ್ಸಕ್ಕೆ ಏನು ಕಷ್ಟ ಇವರಿಗೆ?’

ತೋರಿಸುತ್ತೇವೆಂದು ಹೇಳಿಯೂ ಮರೆಮಾಡಬಹುದು. ಫ್ರಾನ್ಸಿನ ಮಿತ್ತೆರಾಂ 1981ರಲ್ಲಿ ಅಧ್ಯಕ್ಷರಾದಾಗ, ಆರು ತಿಂಗಳಿಗೊಮ್ಮೆ ನನ್ನ ಆರೋಗ್ಯದ ವರದಿ ಪ್ರಕಟಿಸುತ್ತೇನೆ ಎಂದು ಮಾತುಕೊಟ್ಟರು. ಹಿಂದಿನ ಅಧ್ಯಕ್ಷರಲ್ಲೊಬ್ಬರಾದ ಪೊಂಪಿಡು ಕಾಯಿಲೆ ಮುಚ್ಚಿಟ್ಟು 1974ರಲ್ಲಿ ಅಧಿಕಾರದಲ್ಲಿದ್ದಾಗಲೇ ತೀರಿಕೊಂಡಿದ್ದರು. ಆ ಗಾಯ ಇನ್ನೂ ಹಸಿಯಾಗಿತ್ತು. ಗೆದ್ದ ವರ್ಷದ ನವೆಂಬರ್‌ನಲ್ಲೇ ಮಿತ್ತೆರಾಂ ಅವರಿಗೆ ಮೂಳೆಗೆ ಹರಡಿದ ಕ್ಯಾನ್ಸರ್ ಇರುವುದು ಗೊತ್ತಾಯಿತು. ವರದಿಗಳು ಮಾತ್ರ ತಪ್ಪದೆ ಬಂದವು, ಎಲ್ಲ ಸರಿಯಾಗಿದೆ ಎನ್ನುತ್ತ. ಜನರಿಗೆ ಕ್ಯಾನ್ಸರ್ ಸುದ್ದಿ ತಿಳಿದದ್ದು 1992ರಲ್ಲಿ. ಸಹಿ ಹಾಕುತ್ತಿದ್ದ ವೈದ್ಯ ಗ್ಯೂಬ್ಲೆರ್ ಹಿಂದಿನದೆಲ್ಲ ಬಯಲು ಮಾಡಿದ್ದು 1996ರಲ್ಲಿ, ಅಧ್ಯಕ್ಷರು ಸತ್ತ ಕೆಲವೇ ದಿನಗಳಲ್ಲಿ. ವೈದ್ಯರ ಸಹಿ ಒಂದಿದ್ದರೆ ಸಾಕು ಎಂದು ನಂಬುವವರಿಗೆ ನಾನು ಈ ಕಥೆಯನ್ನು ಹೇಳುತ್ತೇನೆ.

ಇದರ ನಡುವೆ ಸುಷ್ಮಾ ಸ್ವರಾಜ್ ನೆನಪಾಗುತ್ತಾರೆ. ಜಯಲಲಿತಾ ಆಸ್ಪತ್ರೆಯಲ್ಲಿದ್ದ ಅದೇ ದಿನಗಳು, 2016ರ ನವೆಂಬರ್ 16. ನನ್ನ ಮೂತ್ರಪಿಂಡ ಕೆಲಸ ಮಾಡುತ್ತಿಲ್ಲ, ಏಮ್ಸ್‌ನಲ್ಲಿದ್ದೇನೆ, ಡಯಾಲಿಸಿಸ್ ನಡೆಯುತ್ತಿದೆ ಎಂದು ದೇಶದ ವಿದೇಶಾಂಗ ಸಚಿವೆ ತಾವೇ ಟ್ವಿಟರ್‌ನಲ್ಲಿ ಬರೆದರು. ಡಿಸೆಂಬರ್ 10ರಂದು ಕಸಿ ಆಯಿತು, ಆಮೇಲೆ ಕೆಲಸಕ್ಕೆ ಮರಳಿದರು. ನಮ್ಮ ಓಣಿಯಲ್ಲಿ ಡಯಾಲಿಸಿಸ್‌ಗೆ ವಾರಕ್ಕೆ ಎರಡು ಸಲ ಹೋಗಿಬರುತ್ತಿದ್ದ ಒಬ್ಬ ಹೆಂಗಸು ಅದುವರೆಗೆ ‘ಸಕ್ಕರೆ ಕಾಯಿಲೆ ಚೆಕಪ್ಪು’ ಎನ್ನುತ್ತಿದ್ದರು. ಆ ಸುದ್ದಿ ಬಂದ ವಾರ ನಮ್ಮ ಕಟ್ಟೆಯ ಮೇಲೆ ಕೂತು, ‘ಸುಷ್ಮಾ ಅವರಿಗೂ ನನ್ನದೇ ಆಗೈತಂತಲ್ರಿ’ ಎಂದರು.

ಇನ್ನೂ ಹಳೆಯದೊಂದು ಇದೆ. 1998ರ ಆಗಸ್ಟ್‌ನಲ್ಲಿ ನಾರ್ವೆಯ ಪ್ರಧಾನಿ ಬೊಂಡೆವಿಕ್ ಖಿನ್ನತೆಯಿಂದ ಕೆಲಸ ಮಾಡಲಾಗುತ್ತಿಲ್ಲ ಎಂದು ಬಹಿರಂಗವಾಗಿ ಹೇಳಿ ರಜೆ ಹಾಕಿದರು. ಮೂರು ವಾರ ದಾಟಿದ ಮೇಲೆ ಮರಳಿ ಬಂದರು. 2001ರಲ್ಲಿ ಮತ್ತೆ ಪ್ರಧಾನಿಯಾದರು. ನಮ್ಮಲ್ಲಿ ಒಬ್ಬ ಜಿಲ್ಲಾ ಪಂಚಾಯಿತಿ ಸದಸ್ಯರು ಹೀಗೆ ಹೇಳಿಕೊಂಡರೆ ಏನಾಗಬಹುದು? ಮುಂದಿನ ಚುನಾವಣೆಯಲ್ಲಿ ಎದುರಾಳಿ ಮೈಕು ಹಿಡಿದು ಏನೆನ್ನುತ್ತಾನೆಂದು ಬರೆಯಲು ನನಗೆ ಮನಸ್ಸಿಲ್ಲ.

ಹಾಗೆಂದು ತೋರಿಸಿದ್ದೆಲ್ಲ ಒಳ್ಳೆಯದೆಂದೂ ಅಲ್ಲ. ಗೋವಾದ ಮುಖ್ಯಮಂತ್ರಿಯಾಗಿದ್ದ ಮನೋಹರ ಪರಿಕ್ಕರ್ 2019ರ ಜನವರಿ 30ರಂದು ಮೂಗಿನಲ್ಲಿ ನಳಿಕೆ ಹಾಕಿಕೊಂಡೇ ಬಜೆಟ್ ಮಂಡಿಸಿದರು. ಅದಕ್ಕೂ ಮೊದಲು ಸೇತುವೆ ಕಾಮಗಾರಿ ನೋಡಲು ಹಾಗೆಯೇ ಬಂದಿದ್ದರು. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಎಂದು ಸರ್ಕಾರದ ಕಡೆಯಿಂದ ಸ್ಪಷ್ಟ ಮಾತು ಬಂದದ್ದು ಹಿಂದಿನ ಅಕ್ಟೋಬರ್‌ನಲ್ಲಿ, ಕಾಯಿಲೆ ಶುರುವಾಗಿ ತಿಂಗಳುಗಳು ಕಳೆದ ಮೇಲೆ. ಮಾರ್ಚ್ 17ರಂದು ಹೋದರು. ಆ ನಳಿಕೆಯ ಚಿತ್ರ ನೋಡಿ ಅರ್ಧ ದೇಶ ಕೈಮುಗಿಯಿತು, ಇನ್ನರ್ಧ ಹೀಗೇಕೆ ಎಳೆದಾಡುತ್ತಾರೆ ಎಂದು ಕೇಳಿತು. ನನಗೆ ಎರಡೂ ಅನಿಸಿತ್ತು. ಅವರ ಧೈರ್ಯಕ್ಕೆ ನಮಸ್ಕಾರ. ಆದರೆ ರಾಜ್ಯದ ಆಡಳಿತ ಯಾರ ಕೈಯಲ್ಲಿದೆ ಎಂಬ ಪ್ರಶ್ನೆಗೆ ಆ ಚಿತ್ರ ಉತ್ತರವಾಗಿರಲಿಲ್ಲ. 2023ರ ಆಗಸ್ಟ್‌ನಲ್ಲಿ ತೊಂಬತ್ತರ ಮನಮೋಹನ್ ಸಿಂಗ್ ಗಾಲಿಕುರ್ಚಿಯಲ್ಲಿ ರಾಜ್ಯಸಭೆಗೆ ಬಂದು ಮತ ಹಾಕಿದಾಗಲೂ ಇದೇ ಜಗಳ. ಒಂದು ಕಡೆಯವರು ನಿಷ್ಠೆ ಎಂದರು, ಇನ್ನೊಂದು ಕಡೆಯವರು ಮುದುಕರಿಗೆ ಹಿಂಸೆ ಎಂದರು. ಗಾಲಿಕುರ್ಚಿಯಲ್ಲಿ ಬರುವುದೆಂದರೆ ಹಿಂಸೆಯೇ ಇರಬೇಕೆಂದು ಎಷ್ಟು ಸಲೀಸಾಗಿ ಅಂದುಕೊಂಡುಬಿಟ್ಟರು! ಅದು ಬರುವ ದಾರಿ, ಅಷ್ಟೇ. ನನ್ನ ಕ್ಯಾಲಿಪರ್ ಹೇಗೋ ಹಾಗೆ. ನಮ್ಮ ದೇವೇಗೌಡರು ಗಾಲಿಕುರ್ಚಿಯಲ್ಲಿ ಓಡಾಡುವುದನ್ನು ಈಗ ಕರ್ನಾಟಕದ ಜನ ದಿನಾ ಟಿವಿಯಲ್ಲಿ ನೋಡುತ್ತಾರೆ, ಅವರ ಮಾತಿಗೆ ಒಪ್ಪುವವರು ಒಪ್ಪುತ್ತಾರೆ, ಜಗಳ ಆಡುವವರು ಆಡುತ್ತಾರೆ. ಹಾಗೇ ಇರಬೇಕು.

ನಮ್ಮ ರಾಜಕೀಯಕ್ಕೆ ನಡಿಗೆಯ ಮೋಹ ದೊಡ್ಡದು. 2010ರಲ್ಲಿ ಸಿದ್ದರಾಮಯ್ಯ ಬೆಂಗಳೂರಿನಿಂದ ಬಳ್ಳಾರಿಗೆ ಪಾದಯಾತ್ರೆ ಹೊರಟಾಗ, 2022ರ ಅಕ್ಟೋಬರ್‌ನಲ್ಲಿ ರಾಹುಲ್ ಗಾಂಧಿ ನಡೆದುಕೊಂಡು ಬಂದಾಗ, ಎರಡೂ ಸಲ ಹಿರಿಯೂರು, ಚಳ್ಳಕೆರೆಯ ದಾರಿಯಲ್ಲಿ ಜನ ಕಿಕ್ಕಿರಿದಿದ್ದರು. ನಡೆಯುವವರ ಕಾಲಿನ ಬೊಬ್ಬೆ ಸುದ್ದಿಯಾಗುತ್ತದೆ. 2018ರ ಜೂನ್‌ನಲ್ಲಿ ಪ್ರಧಾನಿ ಮೋದಿ ವ್ಯಾಯಾಮದ ವಿಡಿಯೊ ಹಾಕಿ, ಮುಖ್ಯಮಂತ್ರಿಯಾಗಿದ್ದ ಕುಮಾರಸ್ವಾಮಿಯವರಿಗೆ ಫಿಟ್‌ನೆಸ್ ಸವಾಲು ಹಾಕಿದರು. ಹೃದಯ ಶಸ್ತ್ರಚಿಕಿತ್ಸೆ ಆಗಿದ್ದ ಕುಮಾರಸ್ವಾಮಿ, ರಾಜ್ಯದ ಅಭಿವೃದ್ಧಿಯ ಫಿಟ್‌ನೆಸ್ ಬಗ್ಗೆ ನನಗೆ ಹೆಚ್ಚು ಕಾಳಜಿ ಎಂದು ಉತ್ತರಿಸಿದರು. 2021ರ ಮಾರ್ಚ್‌ನಲ್ಲಿ ನಂದಿಗ್ರಾಮದಲ್ಲಿ ಕಾಲಿಗೆ ಪೆಟ್ಟಾದ ಮಮತಾ ಬ್ಯಾನರ್ಜಿ ಗಾಲಿಕುರ್ಚಿಯಲ್ಲೇ ಬಂಗಾಳ ಸುತ್ತಿದರು. ವಿರೋಧಿಗಳು ನಾಟಕ ಎಂದರು, ಅವರ ಪಕ್ಷ ಗೆದ್ದಿತು. ನಾಳೆ ವಾಸಿಯಾಗುವ ಕಾಲಾದ್ದರಿಂದ ಅದನ್ನು ಮುಂದೆ ಚಾಚಿ ತೋರಿಸಬಹುದಿತ್ತು. ವಾಸಿಯಾಗದ ಕಾಲಿಗೆ ನಮ್ಮಲ್ಲಿ ಸಿಗುವುದು ‘ಪಾಪ’ ಎಂಬ ಎರಡಕ್ಷರ. ಪಾಪ ಎನಿಸಿಕೊಂಡವರಿಗೆ ಜನ ಹಣ್ಣು ಕೊಡುತ್ತಾರೆ, ಅಧಿಕಾರ ಕೊಡುವುದಿಲ್ಲ.

ಭಾಷೆಯೂ ಹಾಗೆ ತಯಾರಾಗಿದೆ. ಕುರುಡು ಕಾನೂನು, ಕಿವುಡು ಸರ್ಕಾರ, ಕುಂಟುತ್ತಿರುವ ಯೋಜನೆ. ಕಣ್ಣಿಲ್ಲವೆಂದು ಧೃತರಾಷ್ಟ್ರನಿಗೆ ಮೊದಲು ಪಟ್ಟ ತಪ್ಪಿದ ಕಥೆಯನ್ನು ಕೇಳುತ್ತಲೇ ಬೆಳೆದವರು ನಾವು. ಅವನ ನಿಜವಾದ ಕೇಡು ಮಗನ ಮೋಹ. ಅದನ್ನೂ ಜನ ‘ಕುರುಡು ಮೋಹ’ ಎಂದೇ ಕರೆದರು. ಅಂಗವೈಕಲ್ಯವನ್ನು ಬೈಗುಳವಾಗಿ ಬಳಸಬೇಡಿ ಎಂದು ಚುನಾವಣಾ ಆಯೋಗ 2023ರ ಡಿಸೆಂಬರ್‌ನಲ್ಲಿ ಎಲ್ಲ ಪಕ್ಷಗಳಿಗೂ ಸೂಚನೆ ಕೊಟ್ಟಿತು. ಆ ಸೂಚನೆಯ ಮುದ್ರಿತ ಪ್ರತಿ ಒಂದನ್ನು ಮಡಚಿ ನನ್ನ ಚೀಲದಲ್ಲಿಟ್ಟುಕೊಂಡಿದ್ದೇನೆ. ಎರಡು ಸಲ ಭಾಷಣಕಾರರ ಕೈಗೆ ಕೊಟ್ಟಿದ್ದೇನೆ.

ಮುಚ್ಚಿಡದೆ ಬಂದವರೂ ಇದ್ದಾರೆ, ಆದರೆ ಅವರ ಹೆಸರನ್ನು ನಮ್ಮ ಪಠ್ಯದಲ್ಲಿ ಯಾರೂ ನನಗೆ ಹೇಳಿಕೊಡಲಿಲ್ಲ. 1953ರಲ್ಲೇ ಕಲ್ಕತ್ತದ ಜನ ಉಪಚುನಾವಣೆಯಲ್ಲಿ ಸಾಧನ್ ಗುಪ್ತಾ ಅವರನ್ನು ಲೋಕಸಭೆಗೆ ಕಳಿಸಿದರು. ಅವರಿಗೆ ಕಣ್ಣು ಕಾಣುತ್ತಿರಲಿಲ್ಲ. ಛತ್ತೀಸಗಢದ ಮೊದಲ ಮುಖ್ಯಮಂತ್ರಿ ಅಜಿತ್ ಜೋಗಿ 2004ರ ಅಪಘಾತದ ನಂತರ ಹದಿನಾರು ವರ್ಷ ಗಾಲಿಕುರ್ಚಿಯಲ್ಲೇ ರಾಜಕಾರಣ ಮಾಡಿದರು. ಜರ್ಮನಿಯ ಶೋಯ್ಬ್ಲೆ 1990ರಲ್ಲಿ ಗುಂಡೇಟಿನಿಂದ ನಡೆಯುವ ಶಕ್ತಿ ಕಳೆದುಕೊಂಡು, ಆಮೇಲೆ ಎಂಟು ವರ್ಷ ಆ ದೇಶದ ಹಣಕಾಸು ಸಚಿವರಾಗಿದ್ದರು. ನನ್ನ ಮಟ್ಟಿಗೆ ಎಲ್ಲರಿಗಿಂತ ಹತ್ತಿರದವರು ಎಸ್. ಜೈಪಾಲ್ ರೆಡ್ಡಿ. ಪೋಲಿಯೊ ಬಂದ ಕಾಲು, ಕಂಕುಳಲ್ಲಿ ಊರುಗೋಲು, ಬಾಯಲ್ಲಿ ಅಳೆದು ತೂಗಿದ ಇಂಗ್ಲಿಷು. ಅವರು ಕೇಂದ್ರದಲ್ಲಿ ವಾರ್ತಾ ಸಚಿವರಾದಾಗ ದೂರದರ್ಶನದ ವಾರ್ತೆಯಲ್ಲಿ ಅವರು ಕಂಡರೆ ಸಾಕು, ಅಪ್ಪ ಅಂಗಡಿಯಿಂದಲೇ ಕೂಗುತ್ತಿದ್ದರು, ‘ಬಾರೋ, ನಿಮ್ಮೋರು ಬಂದಾರೆ.’ ಆ ‘ನಿಮ್ಮೋರು’ ಎಂಬುದರಲ್ಲಿ ಜಾತಿ ಇರ‍ಲಿಲ್ಲ, ಊರು ಇರಲಿಲ್ಲ, ಪಕ್ಷ ಇರಲಿಲ್ಲ. ಊರುಗೋಲು ಮಾತ್ರ ಇತ್ತು. ಪರದೆ ಹಿಂದಿನ ಆ ನಾಯಕರೂ ನನ್ನವರಾಗಬಹುದಿತ್ತು. ನನ್ನಂಥ ಎಷ್ಟೋ ಹುಡುಗರಿಗೆ ಆಗಬಹುದಿತ್ತು.

ಹಾಗಾದರೆ ಏನನ್ನು ಹೇಳಬೇಕು, ಏನನ್ನು ಹೇಳಬೇಕಿಲ್ಲ? ನಾಮಪತ್ರದ ಜೊತೆ ಕೊಡುವ ನಮೂನೆ 26ರ ಪ್ರಮಾಣಪತ್ರದಲ್ಲಿ ಅಭ್ಯರ್ಥಿಯ ಮೇಲಿನ ಮೊಕದ್ದಮೆ, ಆಸ್ತಿ, ಸಾಲ, ಓದು ಎಲ್ಲ ಇರುತ್ತದೆ. ಹೆಂಡತಿಯ ಒಡವೆ ಎಷ್ಟು ಗ್ರಾಂ ಎಂಬುದೂ ಗೊತ್ತಾಗುತ್ತದೆ. ಆರೋಗ್ಯದ ಬಗ್ಗೆ ಒಂದು ಸಾಲಿಲ್ಲ. ಇರಬೇಕೇ? ಚುನಾವಣೆಗೆ ನಿಲ್ಲುವ ಪ್ರತಿಯೊಬ್ಬರ ರಕ್ತ ಪರೀಕ್ಷೆ ಗೋಡೆಗೆ ಅಂಟಿಸುವುದು ನನಗೆ ಒಪ್ಪಿಗೆಯಿಲ್ಲ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರಲ್ಲಿ ತೀರ್ಪು ಕೊಟ್ಟದ್ದು ನಮ್ಮದೇ ರಾಜ್ಯದ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ. ಕೇಂದ್ರ ಸಚಿವರಾಗಿದ್ದ ಅನಂತಕುಮಾರ್ 2018ರ ನವೆಂಬರ್‌ನಲ್ಲಿ ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡಾಗ ಕಾಯಿಲೆ ಅಷ್ಟು ಮುಂದುವರಿದಿತ್ತೇ ಎಂದು ಅಚ್ಚರಿಪಟ್ಟವರು ಬಹಳ. ಅಂಥ ಸಮಯದಲ್ಲಿ ಒಂದು ಮನೆಯವರು ಬಾಗಿಲು ಹಾಕಿಕೊಂಡರೆ ಅದನ್ನು ತಟ್ಟಲು ನನಗೆ ಕೈ ಬರುವುದಿಲ್ಲ. ಆದರೆ ಮುಖ್ಯಮಂತ್ರಿ, ಪ್ರಧಾನಮಂತ್ರಿಗಳ ಕುರ್ಚಿ ಬೇರೆ. ಅಲ್ಲಿ ಕೂತವರು ಸಹಿ ಹಾಕುವ ಸ್ಥಿತಿಯಲ್ಲಿದ್ದಾರೆಯೇ, ಇಲ್ಲದಿದ್ದರೆ ಅವರ ಬದಲು ಯಾರು ಹಾಕುತ್ತಿದ್ದಾರೆ, ಎಷ್ಟು ದಿನದವರೆಗೆ. ಈ ಮೂರು ಪ್ರಶ್ನೆಗೆ ಉತ್ತರ ನಮಗೆ ಬರಬೇಕು, ಅದೂ ಅವರಿಂದ ಸಂಬಳ ಪಡೆಯದ ವೈದ್ಯರ ಬಾಯಿಂದ. ಕಾಯಿಲೆಯ ಹೆಸರು ಅವರ ಹತ್ತಿರವೇ ಇರಲಿ. ಕ್ಯಾಲಿಪರ್, ಗಾಲಿಕುರ್ಚಿ, ಶ್ರವಣಯಂತ್ರಗಳನ್ನು ಈ ಲೆಕ್ಕಕ್ಕೆ ತರುವುದೇ ಬೇಡ. ಅವು ಕನ್ನಡಕದ ಹಾಗೆ. 2023ರಲ್ಲಿ ತೊಂಬತ್ತು ದಾಟಿದ ಶಾಮನೂರು ಶಿವಶಂಕರಪ್ಪ ಅವರನ್ನು ದಾವಣಗೆರೆ ದಕ್ಷಿಣದ ಜನ ಮತ್ತೆ ಗೆಲ್ಲಿಸಿದರು. ವಯಸ್ಸು ಎದುರಿಗೇ ಇತ್ತು, ನೋಡಿಯೇ ವೋಟು ಹಾಕಿದರು. ನೋಡಿದ ಮೇಲೆ ಆರಿಸುವುದು ಬಿಡುವುದು ನಮ್ಮ ಕೈಯಲ್ಲಿರುತ್ತದೆ.

ವಾಷಿಂಗ್ಟನ್‌ನಲ್ಲಿ 1997ರಲ್ಲಿ ರೂಸ್‌ವೆಲ್ಟ್ ಸ್ಮಾರಕ ತೆರೆದಾಗ ಅವರ ದೊಡ್ಡ ಪ್ರತಿಮೆಯ ಮೇಲೆ ಕಾಲು ಮುಚ್ಚುವಂಥ ನಿಲುವಂಗಿ ಹೊದಿಸಿದ್ದರು. ಸತ್ತು ಐವತ್ತು ವರ್ಷವಾದರೂ ಪರದೆ ಸರಿದಿರಲಿಲ್ಲ. ಅಲ್ಲಿನ ಅಂಗವಿಕಲರು ಬೀದಿಗಿಳಿದರು, ಹಣ ಕೂಡಿಸಿದರು. 2001ರ ಜನವರಿಯಲ್ಲಿ ಸ್ಮಾರಕದ ಮುಂಭಾಗದಲ್ಲೇ ಗಾಲಿಕುರ್ಚಿಯಲ್ಲಿ ಕೂತ ಇನ್ನೊಂದು ಪ್ರತಿಮೆ ಬಂತು. ನೆಲಮಟ್ಟದಲ್ಲಿದೆ. ಮಕ್ಕಳು ಹತ್ತಿರ ಹೋಗಿ ಮುಟ್ಟುವ ಫೋಟೊ ನೋಡಿದ್ದೇನೆ.

ನಮ್ಮಲ್ಲಿ ಡಿಸೆಂಬರ್ 3, ವಿಶ್ವ ಅಂಗವಿಕಲರ ದಿನದ ಕಾರ್ಯಕ್ರಮಕ್ಕೆ ಒಂದು ವರ್ಷ ನನ್ನನ್ನೂ ಸನ್ಮಾನಕ್ಕೆ ಕರೆದಿದ್ದರು. ಹಳ್ಳಿಹಳ್ಳಿಯ ಪುನರ್ವಸತಿ ಕಾರ್ಯಕರ್ತರು ಮೂರುಗಾಲಿ ಸ್ಕೂಟರಿನಲ್ಲಿ ಜನರನ್ನು ಕರೆತಂದಿದ್ದರು. ವೇದಿಕೆಗೆ ಐದು ಮೆಟ್ಟಿಲು, ಹಿಡಿಯಲು ಏನೂ ಇಲ್ಲ. ಗಣ್ಯರು ಮೇಲೆ ಕೂತರು. ನಮ್ಮ ಹೆಸರು ಕರೆದಾಗ ಅವರೇ ಕೆಳಗಿಳಿದು ಬಂದು ಶಾಲು ಹೊದಿಸಿ ಮತ್ತೆ ಮೇಲೆ ಹೋದರು. ಒಬ್ಬರ ಮುಖದಲ್ಲೂ ಕೆಟ್ಟ ಮನಸ್ಸಿರಲಿಲ್ಲ. ಅದೇ ನನಗೆ ಹೆಚ್ಚು ನೋವು ಕೊಟ್ಟದ್ದು. ಮೇಲಿದ್ದವರಲ್ಲಿ ಒಬ್ಬರು ಇಳಿಯುವಾಗ ಮೊಣಕಾಲು ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದರು. ಅವರಿಗೂ ಇಳಿಜಾರು ಬೇಕಿತ್ತು, ಕೇಳಲು ಸಂಕೋಚವಿತ್ತು.

2023ರ ಚುನಾವಣೆಯಲ್ಲಿ 80 ದಾಟಿದವರಿಗೂ ಶೇ 40 ಅಥವಾ ಅದಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೂ ಮನೆಯಲ್ಲೇ ಮತದಾನದ ಅವಕಾಶ ಬಂತು. ಅದರ ಅರ್ಜಿ, ನಮೂನೆ 12ಡಿ ಹಿಡಿದು ಸಿಬ್ಬಂದಿ ಮನೆಗೆ ಬಂದಾಗ ಅಪ್ಪ ಗಾಲಿಕುರ್ಚಿಯಲ್ಲಿದ್ದರು. ಸೊಂಟದ ಮೂಳೆ ಮುರಿದು ವರ್ಷವಾಗಿತ್ತು. ಒಳ್ಳೆಯ ಸೌಲಭ್ಯ, ಬೇಕಾದವರು ಎಷ್ಟೋ ಜನ. ಅಪ್ಪ ಮಾತ್ರ ಬೇಡವೆಂದರು. ‘ಬೂತಿಗೇ ಬರ್ತೀನಿ. ನಾಕು ಜನ ನೋಡ್ಲಿ.’ ಮೇ 10ರ ಬೆಳಿಗ್ಗೆ ಶಾಲೆಯ ಬಾಗಿಲಿಗೆ ಹಾಕಿದ್ದ ಸಿಮೆಂಟಿನ ಇಳಿಜಾರಿನಲ್ಲಿ ನನ್ನ ತಮ್ಮನ ಮಗ ಕುರ್ಚಿ ತಳ್ಳಿದ. ನಾನು ಪಕ್ಕದಲ್ಲಿ ಹಿಡಿಗೋಲು ಹಿಡಿದು ಹತ್ತಿದೆ. ಅರ್ಧಕ್ಕೆ ಬಂದಾಗ ಅಪ್ಪ ಕೈಯಿಂದ ಇಳಿಜಾರಿನ ಅಂಚು ತಟ್ಟಿ ನೋಡಿದರು, ಮರದ ಹಲಗೆ ನೋಡುವ ಹಾಗೆ.

ಅಂಗಡಿ ಈಗ ಆ ಹುಡುಗನ ಕೈಯಲ್ಲಿದೆ. ಹೋದ ತಿಂಗಳು ಗೋದಾಮಿನಿಂದ ಫೋನ್ ಮಾಡಿದ. ‘ದೊಡ್ಡಪ್ಪಾ, ಒಂದು ಸಭೆ ಆರ್ಡರ್ ಬಂದೈತಿ. ಸಾಹೇಬ್ರಿಗೆ ಮೊಣಕಾಲು ಆಪರೇಷನ್ ಆಗೈತಂತೆ. ಹಿಂದಗಡೆ ರ‍್ಯಾಂಪ್ ಬೇಕು, ಪರದೆ ಹಾಕ್ಬೇಕು ಅಂತಾರೆ.’

‘ಮುಂದಗಡೆ ಮಾಡಿದ್ರೆ ಏನಾಗ್ತತಿ ಕೇಳಿದ್ಯಾ?’

ಅವನು ಸ್ವಲ್ಪ ಹೊತ್ತು ಸುಮ್ಮನಾದ. ಲೆಕ್ಕ ಹಾಕುತ್ತಿದ್ದ ಎಂದು ಗೊತ್ತಾಯಿತು. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಇರಬೇಕೆಂದು ನಾನೇ ಅವನಿಗೆ ಹೇಳಿಕೊಟ್ಟಿದ್ದೆ. ಅಪ್ಪ ಅವತ್ತು ಕಟ್ಟಿದ್ದು ನಿಜಕ್ಕೂ ಕಡಿದಾಗಿತ್ತು.

‘ವೇದಿಕೆ ನಾಕು ಅಡಿ ಬದ್ಲು ಎರಡೂವರೆಗೆ ಇಳಿಸಿದ್ರೆ ಮೂವತ್ತು ಅಡಿ ಸಾಕು, ದೊಡ್ಡಪ್ಪಾ. ಪಕ್ಕಕ್ಕೆ ತಿರುಗ್ಸಿ ತರಬಹುದು. ರೇಟು ಅಷ್ಟೇ. ಮುಂದಿನ ಸೋಫಾ ಸಾಲು ಒಂದು ಹಿಂದಕ್ಕೆ ಹೋಗ್ಬೇಕು.’

‘ಕೇಳು ಮತ್ತೆ’ ಎಂದೆ.

‘ಕೇಳ್ತೀನಿ. ಬಿಲ್ಲಲ್ಲಿ ಏನಂತ ಬರೀಲಿ?’

‘ಇಳಿಜಾರು ಅಂತ ಬರಿ’ ಎಂದೆ.